ಬಿಲ್ಲು ಅಗ್ಗ, ಬಯಲು ತುಟ್ಟಿ

ನಮ್ಮ ಮನೆ ಇರುವುದು ಮೂಡಲಪಾಳ್ಯದಲ್ಲಿ. ಈ ಹೆಸರನ್ನು ಕೇಳಿದೊಡನೆ ಸಾಹಿತ್ಯದ ಗೆಳೆಯರು ಕೆಲವರು, "ಬಯಲಾಟದ ಊರಲ್ಲವೆ?" ಎನ್ನುವುದುಂಟು. ಅವರ ಮನಸ್ಸಿನಲ್ಲಿರುವುದು ಮೂಡಲಪಾಯ. ಅದು ಆಟದ ಹೆಸರು. ಇದು ವಿಜಯನಗರಕ್ಕೂ ನಾಗರಭಾವಿಗೂ ನಡುವೆ ಸಿಕ್ಕಿಕೊಂಡಿರುವ ಬಡಾವಣೆ. ಬೆಂಗಳೂರಿನ ಪಡುವಣ ದಿಕ್ಕಿನಲ್ಲಿದ್ದುಕೊಂಡು ತನ್ನನ್ನು ಮೂಡಲ ಎಂದು ಕರೆದುಕೊಳ್ಳುವ ಧೈರ್ಯ ಅದಕ್ಕೆ ಹೇಗೆ ಬಂತೋ! ಪಾಳ್ಯವೆಂದರೆ ಪಾಳೆಯ, ದಂಡು ಇಳಿದ ತಾಣ. ಹಾಗೆಂದು ಹೆಸರಿನಲ್ಲಿ ಪಾಳ್ಯವಿರುವ ಕಡೆಯಲ್ಲೆಲ್ಲ ಬಿಲ್ಲಾಳುಗಳು ಬೀಡುಬಿಟ್ಟಿದ್ದರೆಂದು ಹೇಳಹೊರಟರೆ ಇತಿಹಾಸದ ಮೇಷ್ಟರು ನಗುತ್ತಾರೆ. ದಂಡಿನ ಮಾತು ಬಂದಾಗ ಕತ್ತಿ ಗುರಾಣಿಗಳನ್ನು ಬಿಟ್ಟು ಬಿಲ್ಲೇ ಏಕೆ ನೆನಪಾಯಿತೆಂದರೆ, ಅದಕ್ಕೆ ಕಾರಣ ನನ್ನ ಮಗಳು.

2024ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಪ್ಯಾರಾಲಿಂಪಿಕ್ಸ್ ನಡೆಯುತ್ತಿತ್ತು. ಜಮ್ಮುವಿನ ಕಿಶ್ತ್‌ವಾರ ಸೀಮೆಯ ಶೀತಲ್ ದೇವಿ, ಹುಟ್ಟಿನಿಂದಲೇ ಎರಡು ತೋಳೂ ಇಲ್ಲದ ಹದಿನೇಳರ ಹುಡುಗಿ, ಕಾಲಿನಿಂದ ಬಿಲ್ಲು ಹಿಡಿದು ಭುಜದಿಂದ ಹೆದೆ ಸೆಳೆದು, ರಾಕೇಶ್ ಕುಮಾರರ ಜೊತೆಗೂಡಿ ಕಂಚಿನ ಪದಕ ಗೆದ್ದಳು. ಅದನ್ನು ನೋಡುತ್ತ ಕುಳಿತಿದ್ದ ನನ್ನ ಮಗಳು ತನ್ನ ಎರಡು ಕೈಗಳನ್ನೂ ಒಮ್ಮೆ ನೋಡಿಕೊಂಡು, "ಅಪ್ಪ, ನನಗೊಂದು ಬಿಲ್ಲು ಕೊಡಿಸು" ಎಂದಳು. ಬಿಲ್ಲು ತಾನೆ, ಅದೇನು ಮಹಾ ಎಂದುಕೊಂಡೆ. ಮುಂದಿನ ಭಾನುವಾರ ಆಟದ ಸಾಮಾನಿನ ಅಂಗಡಿಗೆ ಹೋದೆವು. ನಡುವಿನ ಹಿಡಿಗೆ ರೈಸರ್ ಎಂದು ಒಂದು ಬೆಲೆ, ಮೇಲಿನ ಕೆಳಗಿನ ಎರಡು ರೆಕ್ಕೆಗಳಿಗೆ ಲಿಂಬ್ ಎಂದು ಇನ್ನೊಂದು ಬೆಲೆ, ಗುರಿ ನೋಡಲು ಸೈಟ್, ಕೈ ಅದುರದಂತೆ ಸ್ಟೆಬಿಲೈಜರ್, ಬೆರಳಿಗೆ ಚರ್ಮ, ಮುಂಗೈಗೆ ಪಟ್ಟಿ, ಆಮೇಲೆ ಬಾಣಗಳು. ಅಂಗಡಿಯವನು ಕೂಡಿಸಿ ತೋರಿಸಿದ ಮೊತ್ತ ನನ್ನ ಒಂದು ತಿಂಗಳ ಸಂಬಳವನ್ನು ದಾಟಿ ನಿಂತಿತ್ತು. ನಾವಿಬ್ಬರೂ ಕಾಫಿ ಕುಡಿದು ಮನೆಗೆ ಬಂದೆವು.

ನನಗೆ ಕಾಡಿದ ಪ್ರಶ್ನೆ ಹಣದ್ದು ಮಾತ್ರವಲ್ಲ. ಬಿಲ್ಲು ನಮ್ಮಲ್ಲಿ ಬೇಡರ ಆಯುಧ, ಕಾಡಿನವರ ಆಯುಧ. ಅಂದರೆ ಕೈಯಲ್ಲಿ ಕಾಸಿಲ್ಲದವರ ಆಯುಧ. ಅದು ಯಾವಾಗ ಕಾಲೇಜಿನ ಮೇಷ್ಟರಿಗೂ ನಿಲುಕದ ವಸ್ತುವಾಯಿತು? ಹೊಸದಾಗಿ ಬಿಲ್ಲು ಹಿಡಿಯುವವನಿಗೆ ನಿಜವಾಗಿ ಖರ್ಚು ಬೀಳುವುದು ಎಲ್ಲಿ?

ಮೊದಲ ಉತ್ತರ ನಮ್ಮ ಬೀದಿಯ ಕೊನೆಯ ಮನೆಯಿಂದಲೇ ಬಂತು. ಅಲ್ಲಿ ಕೊಡಗಿನವರಾದ ನಿವೃತ್ತ ಸೈನಿಕರೊಬ್ಬರಿದ್ದಾರೆ. ನನ್ನ ಕಥೆ ಕೇಳಿ ಅವರು, "ಏನ್ ಮೇಷ್ಟ್ರೇ, ನಮ್ಮಲ್ಲಿ ಹುಟ್ಟಿದ ದಿನವೇ ಬಿಲ್ಲು ಕೊಡ್ತಾರೆ, ಮೂರು ಕಾಸಿನ ಖರ್ಚಿಲ್ಲ" ಎಂದು ಗಟ್ಟಿಯಾಗಿ ನಕ್ಕರು. ಮಾತು ನಿಜ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯನ್ನು ಬಗ್ಗಿಸಿ ಪುಟ್ಟ ಬಿಲ್ಲು ಮಾಡಿ, ಅದರ ಎಲೆಯ ತೊಟ್ಟನ್ನೇ ಬಾಣ ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಾರೆ. ಹೊರಗೆ ಕೋವಿಯ ಗುಂಡೊಂದು ಹಾರುತ್ತದೆ. ಕೊಡವರ ಆಚಾರಗಳನ್ನು ಕುರಿತು ಬರೆದ ಹಲವರು ಇದನ್ನು ಗುರುತಿಸಿದ್ದಾರೆ. ಕೋವಿ ಬಂದು ಬಿಲ್ಲನ್ನು ಮೂಲೆಗೆ ತಳ್ಳಿದ ಮೇಲೂ ಮೊದಲ ಪಾಠ ಮಾತ್ರ ಬಿಲ್ಲಿನದೇ ಆಗಿ ಉಳಿದಿರುವುದು ನನಗೆ ಬಹಳ ಸೊಗಸೆನ್ನಿಸಿತು. ಹರಳುಗಿಡವಂತೂ ಮೂಡಲಪಾಳ್ಯದ ಪ್ರತಿ ಖಾಲಿ ಸೈಟಿನಲ್ಲೂ ಯಾರೂ ನೆಡದೆ ಬೆಳೆದು ನಿಂತಿರುತ್ತದೆ.

ಕನ್ನಡದ ಮೇಷ್ಟರಾದವನಿಗೆ ಎರಡನೆಯ ಸಾಕ್ಷಿ ನಿಘಂಟು. ಬಿಲ್ಲು, ಅಂಬು, ಕಣೆ, ಹೆದೆ, ಗರಿ, ಗುರಿ: ಇವೆಲ್ಲ ಮನೆಯ ಮಾತುಗಳು. ಬಾಣ ಬಿಡುವುದಕ್ಕೆ ಎಸು ಎಂಬ ಬೇರೆಯೇ ಧಾತು ಹಳಗನ್ನಡದಲ್ಲಿದೆ. ಬಿಲ್ಲು ಕಲಿಸುವವನು ಬಿಲ್ಲೋಜ. ಧನುಸ್ಸು, ಶರ, ತೂಣೀರಗಳು ಸಂಸ್ಕೃತದಿಂದ ಬಂದವಾದರೂ, ಅವು ಬರುವ ಮೊದಲು ನಮ್ಮವರು ಹೆಸರಿಲ್ಲದ ಆಯುಧ ಹಿಡಿದು ಕಾಡಿನಲ್ಲಿ ತಿರುಗುತ್ತಿರಲಿಲ್ಲ. ಮಳೆ ನಿಂತಾಗ ಆಕಾಶದಲ್ಲಿ ಮೂಡುವುದೂ ಕಾಮನಬಿಲ್ಲೇ. ಹಕ್ಕಿ ಹೊಡೆಯುವ ಹುಡುಗರ ಕೈಗೆ ಇಂಗ್ಲಿಷಿನ ಕ್ಯಾಟಪಲ್ಟ್ ಬಂದಾಗ ಅದು ಕ್ಯಾಟರ್‌ಬಿಲ್ಲು ಆಯಿತು. ಕವೆಗೋಲಿಗೆ ರಬ್ಬರು ಕಟ್ಟಿದ ಆ ಸಾಧನದಲ್ಲಿ ಬಿಲ್ಲಿನ ಲಕ್ಷಣ ಅಷ್ಟಕ್ಕಷ್ಟೇ. ಆದರೂ ಜನ ಅದನ್ನು ಬಿಲ್ಲಿನ ಕುಲಕ್ಕೆ ಸೇರಿಸಿಕೊಂಡರು.

ಬಿಲ್ಲುಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಒಂದು, ಬಿದಿರನ್ನೋ ಮರವನ್ನೋ ಸೀಳಿ, ಕೆತ್ತಿ, ಬಗ್ಗಿಸಿ ಮಾಡಿದ್ದು. ಬಲ್ಲವನಿಗೆ ಮಚ್ಚು ಮತ್ತು ತಾಳ್ಮೆ ಇದ್ದರೆ ಸಾಕು. ಇನ್ನೊಂದು, ಒಳಮೈಗೆ ಕೊಂಬು, ನಡುವೆ ಮರ, ಹೊರಮೈಗೆ ಪ್ರಾಣಿಯ ನರ ಇವನ್ನು ಅಂಟಿನಿಂದ ಕೂಡಿಸಿ ತಿಂಗಳುಗಟ್ಟಲೆ ಒಣಗಿಸಿ ಮಾಡಿದ್ದು. ಇದು ಮಧ್ಯ ಏಷ್ಯಾದ ಕುದುರೆ ಸವಾರರ ಬಿಲ್ಲು. ಗಿಡ್ಡ, ಬಲಶಾಲಿ, ಬೆಲೆಯುಳ್ಳದ್ದು, ಮತ್ತು ಥಂಡಿಗೆ ಹೆದರುವಂಥದ್ದು. ಮಳೆನಾಡಿನಲ್ಲಿ ಅಂಟು ಬಿಟ್ಟುಕೊಂಡರೆ ರಾಜನ ಬಿಲ್ಲೂ ಸೌದೆಯೇ. ಬಡವನ ಬಿದಿರಿಗೆ ಆ ಭಯವಿಲ್ಲ.

ಬಿದಿರಿನ ಜಾತಿಯ ಉದ್ದ ಬಿಲ್ಲು ನಮ್ಮ ದೇಶದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಗ್ರೀಕರ ಮಾತಿದೆ. ಅಲೆಗ್ಸಾಂಡರನ ದಂಡಿನೊಡನೆ ಬಂದವರ ಬರೆಹಗಳನ್ನು ಆಧರಿಸಿ ಆರಿಯನ್ ಹೇಳುವಂತೆ, ಇಲ್ಲಿಯ ಕಾಲಾಳಿನ ಬಿಲ್ಲು ಆಳೆತ್ತರ. ಅದನ್ನು ನೆಲಕ್ಕೆ ಊರಿ ಎಡಗಾಲಿನಿಂದ ಒತ್ತಿ ಹೆದೆ ಸೆಳೆಯುತ್ತಿದ್ದರು. ಬಾಣ ಮೂರು ಮೊಳಕ್ಕೆ ತುಸು ಕಡಮೆ. ಗುರಾಣಿ ಕವಚಗಳು ಅದನ್ನು ತಡೆಯಲಾರವು. ಆದರೆ ಕ್ರಿ.ಪೂ. 326ರಲ್ಲಿ ಝೇಲಮ್ ನದಿಯ ದಂಡೆಯಲ್ಲಿ ಪೌರವನಿಗೂ ಅಲೆಗ್ಸಾಂಡರನಿಗೂ ಯುದ್ಧವಾದ ದಿನ ಮಳೆ ಬಿದ್ದು ನೆಲ ಕೆಸರಾಗಿತ್ತು. ಊರಿದ ಬಿಲ್ಲು ಜಾರಿತು, ಬಾಣ ಹೂಡುವಷ್ಟರಲ್ಲಿ ಶತ್ರು ಮೇಲೆ ಬಿದ್ದ ಎಂದು ಕರ್ಟಿಯಸ್ ಎಂಬ ರೋಮನ್ ಲೇಖಕ ಬರೆದಿದ್ದಾನೆ. ಬಿಲ್ಲುಗಾರನಿಗೆ ಬಿಲ್ಲಿಗಿಂತ ಕಾಲಡಿಯ ನೆಲ ದೊಡ್ಡದೆಂಬ ಮಾತು ನನ್ನ ತಲೆಯಲ್ಲಿ ಕುಳಿತದ್ದು ಇಲ್ಲಿಂದ. ಅದಕ್ಕೆ ಮತ್ತೆ ಬರುತ್ತೇನೆ.

ಕನ್ನಡನಾಡಿನ ಬಿಲ್ಲುಗಾರರನ್ನು ನೋಡಬೇಕಾದರೆ ವೀರಗಲ್ಲುಗಳ ಮುಂದೆ ನಿಲ್ಲಬೇಕು. ಊರ ದನವನ್ನು ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದಾರೆ. ಒಬ್ಬ ಅಡ್ಡ ನಿಂತಿದ್ದಾನೆ. ಕೈಯಲ್ಲಿ ಬಿಲ್ಲು, ಮೈಯಲ್ಲಿ ನೆಟ್ಟ ಬಾಣಗಳು. ಇಂಥ ತುರುಗಾಳಗದ ಕಲ್ಲುಗಳು ನಮ್ಮಲ್ಲಿ ಎಷ್ಟೋ ಇವೆ. ಸತ್ತವರಲ್ಲಿ ಅನೇಕರು ದಂಡನಾಯಕರಲ್ಲ, ಊರಿನ ಸಾಮಾನ್ಯರು. ಅವರಿಗೆ ಯಾವ ಗುರುಕುಲವೂ ಇರಲಿಲ್ಲ. ದನ ಮೇಯಿಸುವ ಹುಡುಗ ಬೆಳಗಿನಿಂದ ಸಂಜೆಯವರೆಗೆ ಬಯಲಿನಲ್ಲೇ ಇರುತ್ತಾನೆ. ಎದುರಿಗೆ ಗುರಿಗಳು ಓಡಾಡುತ್ತಿರುತ್ತವೆ. ತಪ್ಪಿದ ಬಾಣವನ್ನು ಹುಡುಕಲು ಹೊತ್ತು ಬೇಕಾದಷ್ಟಿದೆ. ಬಿಲ್ಲನ್ನು ಅವನು ಕಲಿತನೆಂಬುದಕ್ಕಿಂತ ಅದರೊಡನೆ ಬೆಳೆದನೆನ್ನುವುದು ಸರಿ. ಹೆಂಗಸರಿಗೂ ಇದು ದೂರವಿರಲಿಲ್ಲವೆಂದು ತೋರುತ್ತದೆ. 1117ರ ಬೇಲೂರು ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದು ಗುರಿಯಿಟ್ಟ ಬೇಟೆಗಾತಿಯೊಬ್ಬಳಿದ್ದಾಳೆ. ಶಿಲ್ಪಿ ಅವಳಿಗೆ ಒಡವೆಗಳನ್ನು ಹೇರಿದ್ದಾನೆ, ನಿಜ. ಆದರೂ ಮಗಳಿಗೆ ಮೊದಲು ತೋರಿಸಿದ್ದು ಅವಳನ್ನೇ.

ಅರಮನೆಯ ಬಿಲ್ಲು ಬೇರೆ. ಅಲ್ಲಿ ಗುರು ಬೇಕು, ಗುರುವಿಗೆ ಸಂಬಳ ಬೇಕು. ಕವಿಯೂ ಕಲಿಯೂ ಆಗಿದ್ದ ಪಂಪ 941ರ ಸುಮಾರಿನಲ್ಲಿ ರಚಿಸಿದ ಭಾರತದಲ್ಲಿ ದ್ರೋಣನ ಕಥೆ ಬರುತ್ತದಷ್ಟೆ. ಲೋಕಕ್ಕೆಲ್ಲ ಬಿಲ್ಲೋಜನಾದ ಆ ಮಹಾಶಯ ಹಸ್ತಿನಾವತಿಗೆ ಬಂದದ್ದು ಬಡತನ ತಾಳಲಾರದೆ, ಹಳೆಯ ಗೆಳೆಯನಾದ ದ್ರುಪದನಿಂದ ಅವಮಾನಪಟ್ಟು. ಮೇಷ್ಟರುಗಳ ಆರ್ಥಿಕ ಸ್ಥಿತಿ ಅಂದಿನಿಂದ ಬಹಳ ಸುಧಾರಿಸಿದೆಯೆಂದು ನಾನು ಹೇಳಲಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಶಸ್ತ್ರವಿದ್ಯೆ ಅರಸನ ವಿನೋದಗಳಲ್ಲಿ ಒಂದಾಗಿ, ಸಭೆಯ ಮುಂದೆ ತೋರುವ ಕೌಶಲವಾಗಿ ಕುಳಿತಿದೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಸೇನೆಯ ಮೆರವಣಿಗೆಯಲ್ಲಿ ಚಿನ್ನದ ತಗಡು ಹೊದಿಸಿದ ಬಿಲ್ಲುಗಳನ್ನು ನೋಡಿ ಬೆರಗಾಗಿದ್ದಾನೆ. ನನ್ನ ಮಗಳ ಮುಂದೆ ಅಂಗಡಿಯವನು ಹರಡಿದ ಸಾಮಾನು ಈ ವಂಶದ್ದು.

ಆದರೆ ಚಿನ್ನದ ಬಿಲ್ಲಿಗಿಂತ ನೂರು ವರ್ಷ ಮೊದಲು ಅದೇ ವಿಜಯನಗರದಲ್ಲಿ ನಡೆದದ್ದೊಂದು ಸಂಗತಿಯಿದೆ. ಒಂದು ಸಾಮ್ರಾಜ್ಯವೇ ಬಿಲ್ಲು ಕಲಿಯಲು ಹೊಸ ವಿದ್ಯಾರ್ಥಿಯಾಗಿ ಕುಳಿತ ಸಂಗತಿ ಅದು. 1424ರ ಸುಮಾರಿನಿಂದ 1446ರವರೆಗೆ ಆಳಿದ ಎರಡನೆಯ ದೇವರಾಯನ ಕಾಲದಲ್ಲಿ ಬಹಮನಿ ಸುಲ್ತಾನರೊಡನೆ ಯುದ್ಧ ಮುಗಿಯದ ಕಥೆಯಾಗಿತ್ತು. ತನ್ನ ನಾಡು ದೊಡ್ಡದು, ಜನ ಹೆಚ್ಚು, ಹಣ ಹೆಚ್ಚು. ಆದರೂ ಮತ್ತೆ ಮತ್ತೆ ಸೋಲು ಏಕೆ? ರಾಯ ಸಭೆ ಕರೆದು ಈ ಪ್ರಶ್ನೆಯನ್ನು ನೇರವಾಗಿ ಇಟ್ಟನಂತೆ. ದೈವದ ಇಚ್ಛೆ ಹಾಗಿದೆ ಎಂದರು ಕೆಲವರು. ಬೇರೆಯವರು ಎರಡು ಕಾರಣ ಕೊಟ್ಟರು: ಅವರ ಕುದುರೆಗಳು ನಮ್ಮವಕ್ಕಿಂತ ಗಟ್ಟಿ, ಅವರಲ್ಲಿ ನುರಿತ ಬಿಲ್ಲುಗಾರರ ದಳ ಸದಾ ಸಿದ್ಧವಾಗಿರುತ್ತದೆ, ನಮ್ಮಲ್ಲಿಲ್ಲ. ರಾಯ ಎರಡನೆಯ ಗುಂಪಿನ ಮಾತನ್ನು ಕೇಳಿದ. ಮುಸಲ್ಮಾನ ಬಿಲ್ಲುಗಾರರನ್ನು ಸೇವೆಗೆ ಕರೆದು ಜಾಗೀರು ಕೊಟ್ಟ, ಅವರಿಗಾಗಿ ಮಸೀದಿ ಕಟ್ಟಿಸಿದ. ಅವರು ತಲೆಬಾಗುವಾಗ ಮನಸ್ಸಿಗೆ ಅಳುಕಾಗದಿರಲೆಂದು ತನ್ನ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ. ತನ್ನ ಹಿಂದೂ ಸೈನಿಕರೆಲ್ಲ ಅವರಿಂದ ಬಿಲ್ವಿದ್ಯೆ ಕಲಿಯಬೇಕೆಂದು ಅಪ್ಪಣೆ ಮಾಡಿದ. ಕೊನೆಗೆ 2,000 ಮುಸಲ್ಮಾನ ಬಿಲ್ಲುಗಾರರೂ 60,000 ಹಿಂದೂ ಬಿಲ್ಲುಗಾರರೂ ಸಿದ್ಧರಾದರಂತೆ.

ಇಷ್ಟು 'ಅಂತೆ' ಹಾಕಲು ಕಾರಣವುಂಟು. ಇದನ್ನು ಹೇಳುವವನು ಫೆರಿಷ್ತಾ. ಅವನು ಬರೆದದ್ದು ಬಿಜಾಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ, ಈ ಘಟನೆ ನಡೆದು ನೂರೈವತ್ತು ವರ್ಷಗಳ ಮೇಲೆ. ಬಹಮನಿಗಳ ಕಡೆಗೆ ಒಲವುಳ್ಳವನ ಕೈಯಲ್ಲಿ ವಿಜಯನಗರದ ರಾಯ ತಾನೇ ಸೋಲನ್ನು ಒಪ್ಪಿ ಸಭೆ ಕರೆಯುವುದು ಸಹಜ. ಲೆಕ್ಕವನ್ನಂತೂ ಕಣ್ಣು ಮುಚ್ಚಿ ನಂಬಲಾಗದು. ಆದರೆ ಕಥೆಯ ತಿರುಳಿಗೆ ಈ ಕಡೆಯ ಸಾಕ್ಷಿಯೂ ಇದೆ. ಹಂಪೆಯಲ್ಲಿ ಅಹಮದ್ ಖಾನನೆಂಬ ಅಧಿಕಾರಿ ದೇವರಾಯನಿಗೆ ಪುಣ್ಯವಾಗಲೆಂದು 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅಲ್ಲಿಯ ಕನ್ನಡ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಕಂಬ, ತೊಲೆ, ಚಪ್ಪಟೆ ಚಾವಣಿ. ದೂರದಿಂದ ನೋಡಿದರೆ ಊರ ಮುಂದಿನ ಮಂಟಪವೇ. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಅದನ್ನು ದಾಟಿಕೊಂಡು ವಿಠ್ಠಲನ ಕಲ್ಲಿನ ತೇರಿಗೆ ಓಡುತ್ತಾರೆ. ಈ ಸಲ ಹೋದರೆ ಹಿಡಿದು ನಿಲ್ಲಿಸಬೇಕೆಂದಿದ್ದೇನೆ.

ನನ್ನ ಕುತೂಹಲವಿರುವುದು ಇಲ್ಲಿ: ಆ ಬಿದಿರಿನ ನಾಡಿನಲ್ಲಿ ರಾಯನಿಗೆ ಬಿಲ್ಲಿಗೆ ಬರವೆ? ಬೇಡರ ಪಡೆಗಳಿಗೆ ಬರವೆ? ಬೊಕ್ಕಸವನ್ನು ಬಿಚ್ಚಿ ಅವನು ಕೊಂಡುಕೊಂಡದ್ದು ಗುರುಗಳನ್ನು. ಬೇಟೆಗಾರ ಒಬ್ಬೊಂಟಿಯಾಗಿ ಹೊಂಚು ಹಾಕಿ ಎಸೆಯುವುದು ಬೇರೆ. ಸಾವಿರ ಜನ ಒಟ್ಟಿಗೆ, ಕುದುರೆಯ ಮೇಲಿಂದ, ಅಪ್ಪಣೆ ಬಿದ್ದ ಕ್ಷಣಕ್ಕೆ ಎಸೆಯುವುದು ಬೇರೆ. ಆ ಕಲಿಕೆ ಕಾಡಿನಲ್ಲಿ ಸಿಕ್ಕುವಂಥದ್ದಲ್ಲ. ಫಲವೇನಾಯಿತು? 1443ರಲ್ಲಿ ರಾಯ ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದ, ರಾಯಚೂರಿಗೂ ಬಂಕಾಪುರಕ್ಕೂ ಮುತ್ತಿಗೆ ಹಾಕಿದ. ಫೆರಿಷ್ತಾನ ಪ್ರಕಾರ ಎರಡು ತಿಂಗಳಲ್ಲಿ ಮೂರು ಕಾಳಗ. ಮೊದಲನೆಯದರಲ್ಲಿ ವಿಜಯನಗರದ ಕೈ ಮೇಲು, ಕಡೆಗೆ ರಾಯನೇ ಕಪ್ಪ ಒಪ್ಪಿ ಸಂಧಿ ಮಾಡಿಕೊಂಡ. ಹಾಗಾದರೆ ಪಾಠ ವ್ಯರ್ಥವೆ? ಮೊದಲ ಕಾಳಗ ಗೆದ್ದದ್ದೇ ದೊಡ್ಡದೆಂದು ನನಗೆ ತೋರುತ್ತದೆ. ಬೆಳೆದ ಆಳಿಗೆ ಹೊಸದಾಗಿ ಹೆದೆ ಸೆಳೆಯಲು ಕಲಿಸಿ, ಹುಟ್ಟಿನಿಂದ ಸೆಳೆಯುತ್ತ ಬಂದವನ ಎದುರು ನಿಲ್ಲಿಸುವುದೆಂದರೆ ಹುಡುಗಾಟವಲ್ಲ.

ಈ ಕಾಲದ ಲೆಕ್ಕವನ್ನು ಇಂಗ್ಲೆಂಡಿನವರು ಬೇರೆ ರೀತಿಯಲ್ಲಿ ತೀರಿಸಿಕೊಂಡರು. ಅಲ್ಲಿಯ ದೊರೆ ಮೂರನೆಯ ಎಡ್ವರ್ಡ್ 1363ರಲ್ಲಿ ಹಬ್ಬದ ದಿನಗಳಲ್ಲಿ ಶಕ್ತರಾದವರೆಲ್ಲ ಬಿಲ್ಲು ಅಭ್ಯಾಸ ಮಾಡಬೇಕು, ಕಾಲ್ಚೆಂಡು ಮುಂತಾದ ಕೆಲಸಕ್ಕೆ ಬಾರದ ಆಟಗಳನ್ನು ಬಿಡಬೇಕು ಎಂದು ಸಾರಿಸಿದ. ಊರೂರಿಗೂ ಗುರಿದಿಬ್ಬದ ಬಯಲುಗಳಿದ್ದವು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಎಂಬ ಯುದ್ಧನೌಕೆಯಲ್ಲಿ ಬಿಲ್ಲುಗಳ ಜೊತೆಗೆ ಆಳುಗಳ ಅಸ್ಥಿಗಳೂ ಸಿಕ್ಕಿವೆ. ಕೆಲವರ ಭುಜದ ಎಲುಬಿನ ರೂಪವೇ ಬದಲಾಗಿರುವುದಕ್ಕೆ ಎಳೆಯ ಪ್ರಾಯದಿಂದ ಬಲವಾದ ಬಿಲ್ಲನ್ನು ಸೆಳೆದದ್ದು ಕಾರಣವಿರಬೇಕೆಂದು ಪಂಡಿತರು ಊಹಿಸುತ್ತಾರೆ.

ಗುರುವಿಗೂ ಬಯಲಿಗೂ ಕಾಸು ಕೊಡದೆ ಕಲಿತವನೆಂದರೆ ಏಕಲವ್ಯ. ಮಣ್ಣಿನ ಗುರು, ಕಾಡಿನ ಬಯಲು. ಸೇರುವಾಗ ಶುಲ್ಕವಿಲ್ಲ, ಮುಗಿಸುವಾಗ ಹೆಬ್ಬೆರಳು. ಕುವೆಂಪು 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಆ ಹೆಬ್ಬೆರಳಿನ ಲೆಕ್ಕವನ್ನು ಬೇರೆಯಾಗಿಯೇ ತೀರಿಸಿದ್ದಾರೆ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಮಗಳು ಬಿಲ್ಲು ಹಿಡಿದ ಮೇಲೆಯೇ ನನಗೆ ಒಂದು ವಿಷಯ ಹೊಳೆದದ್ದು. ಹೆದೆಯನ್ನು ಹೆಬ್ಬೆರಳಿನಿಂದ ಸೆಳೆಯುವುದು ಒಂದು ಪದ್ಧತಿ. ಮಧ್ಯ ಏಷ್ಯಾದವರು ಅದಕ್ಕೆ ಉಂಗುರವನ್ನೂ ತೊಡುತ್ತಿದ್ದರು. ಇಂದಿನ ಒಲಿಂಪಿಕ್ ಬಿಲ್ಲುಗಾರರು ಸೆಳೆಯುವುದು ತೋರು, ನಡು, ಉಂಗುರದ ಬೆರಳುಗಳಿಂದ. ಹೆಬ್ಬೆರಳು ಹೆದೆಯನ್ನು ಮುಟ್ಟುವುದೇ ಇಲ್ಲ. ಹೆಬ್ಬೆರಳಿಲ್ಲದ ಏಕಲವ್ಯ ಇಂದು ಮೈದಾನಕ್ಕೆ ಬಂದರೆ ಯಾವ ಅಡ್ಡಿಯೂ ಇಲ್ಲದೆ ಸಾಲಿನಲ್ಲಿ ನಿಲ್ಲಬಹುದು.

ಬಂದೂ ಇದ್ದಾರೆ. ಒಲಿಂಪಿಕ್ಸಿನಿಂದ ಐವತ್ತು ವರ್ಷ ಹೊರಗಿದ್ದ ಬಿಲ್ವಿದ್ಯೆ 1972ರಲ್ಲಿ ಅಲ್ಲಿಗೆ ಮರಳಿತು; ಮರುವರ್ಷ ನಮ್ಮ ದೇಶದಲ್ಲಿ ಅದಕ್ಕೊಂದು ಸಂಸ್ಥೆ ಹುಟ್ಟಿತು. 1988ರಲ್ಲಿ ಸೋಲ್ ಒಲಿಂಪಿಕ್ಸಿಗೆ ಹೋದ ಮೊದಲ ತಂಡದಲ್ಲಿ ರಾಜಸ್ಥಾನದ ಗಿರಿಜನ ಹುಡುಗ ಲಿಂಬಾ ರಾಮ್ ಇದ್ದರು; ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತ ಬೆಳೆದವರು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ರಾಂಚಿಯ ದೀಪಿಕಾ ಕುಮಾರಿ ಆಟೊರಿಕ್ಷಾ ಓಡಿಸುವವರ ಮಗಳು. ಅವರ ಆರಂಭವೂ ಬಿದಿರಿನಲ್ಲೇ. ಇವರೆಲ್ಲರ ಬಾಳಿನಲ್ಲಿ ತಿರುವು ಬಂದದ್ದು ಬಿಲ್ಲು ಬದಲಾದಾಗಲ್ಲ. ಬಾ, ಇಲ್ಲಿ ನಿಲ್ಲು, ನಾನು ಕಲಿಸುತ್ತೇನೆ ಎಂದು ಒಂದು ಜಾಗವೂ ಒಬ್ಬ ಗುರುವೂ ಸಿಕ್ಕಾಗ.

ಇಷ್ಟು ಓದಿಕೊಂಡ ಮೇಲೆ ನಾನು ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ನಮ್ಮ ದೇಶದ ಪಂದ್ಯಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವೊಂದಿದೆ. ಬಿದಿರು ಮರಗಳ ಸಾದಾ ಬಿಲ್ಲು, 30 ಮತ್ತು 50 ಮೀಟರಿನ ದೂರ. ಅಂಥದೊಂದು ಬಿಲ್ಲು ರೈಸರ್ ಲಿಂಬುಗಳ ಬೆಲೆಯ ಸಣ್ಣ ಪಾಲಿಗೆ ಸಿಕ್ಕಿತು. ಮನೆಗೆ ತಂದ ಸಂಜೆ ತಾರಸಿಯ ಮೇಲೆ ಪ್ರಯೋಗ ಮಾಡೋಣವೆಂದು ಹೊರಟಳು; ನಾನು ತಡೆದೆ. ನಮ್ಮ ಸೈಟು 30 ಅಡಿಗೆ 40. ಒಲಿಂಪಿಕ್ಸಿನ ದೂರ 70 ಮೀಟರು, ಅಂದರೆ ಸುಮಾರು 230 ಅಡಿ. ನಮ್ಮಂಥ ಆರು ಮನೆಗಳನ್ನು ಉದ್ದಕ್ಕೆ ಸಾಲಾಗಿ ಕೆಡವಿದರೆ ಒಬ್ಬಳಿಗೆ ನಿಲ್ಲಲು ಜಾಗವಾದೀತು. ಬೇಡರ ಹುಡುಗನಿಗೆ ಬಿಟ್ಟಿಯಾಗಿ ಸಿಕ್ಕಿದ್ದು ಮೂಡಲಪಾಳ್ಯದಲ್ಲಿ ಚದರಡಿಯ ಲೆಕ್ಕದಲ್ಲಿ ಮಾರಾಟಕ್ಕಿದೆ. ಆ ಬೇಡರ ಹುಡುಗನಿಗೂ ಈಗ ಅದು ಬಿಟ್ಟಿಯಲ್ಲ, ಬಿಡಿ. 1972ರ ವನ್ಯಜೀವಿ ಕಾಯಿದೆಯ ಮೇಲೆ ಬಿಲ್ಲು ಹಿಡಿದು ಕಾಡಿನಲ್ಲಿ ಬೇಟೆಯಾಡಿದರೆ ಅಪರಾಧ. ಕಾಡು ಉಳಿಯಬೇಕಾದದ್ದೇ. ಆದರೆ ಅವನ ಬಯಲು ಹೋಯಿತೆಂಬುದೂ ನಿಜ.

ಕೊನೆಗೆ ಜಾಗ ಸಿಕ್ಕಿದ್ದು ಕೆಂಗೇರಿಯ ಆಚೆ, ಒಂದು ಶಾಲೆಯ ಹಿಂದಿನ ಮೈದಾನದಲ್ಲಿ. ಭಾನುವಾರ ಬೆಳಗ್ಗೆ ಒಬ್ಬರು ಹತ್ತು ಹನ್ನೆರಡು ಮಕ್ಕಳಿಗೆ ಕಲಿಸುತ್ತಾರೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಮೊದಲ ತಿಂಗಳು ಬಾಣವನ್ನೇ ಕೊಡಲಿಲ್ಲ. ರಬ್ಬರು ಪಟ್ಟಿಯನ್ನು ಎಳೆದು ಬಿಡುವುದು, ಕಾಲು ಇಡುವುದು, ಬೆನ್ನಿನಿಂದ ಸೆಳೆಯುವುದು. ಬಾಣವಿಲ್ಲದ ಬಿಲ್ಲಿನ ಹೆದೆಯನ್ನು ಸೆಳೆದು ಬಿಟ್ಟರೆ ಬಿಲ್ಲೇ ಸಿಡಿಯಬಹುದೆಂದು ಎಲ್ಲರಿಗೂ ಎಚ್ಚರಿಸಿದರು. ಬಲವಾದ ಬಿಲ್ಲು ಬೇಕೆಂದು ಹಟ ಹಿಡಿದ ಹುಡುಗನೊಬ್ಬನಿಗೆ, ಮೊದಲು 16ರಿಂದ 20 ಪೌಂಡಿನ ಸೆಳೆತದ್ದನ್ನು ನಡುಗದೆ ಹಿಡಿ, ಆಮೇಲೆ ನೋಡೋಣ ಎಂದರು. ಬಾಣ ಕೊಟ್ಟ ದಿನ ಹುಲ್ಲಿನ ಪಿಂಡಿಯನ್ನು ಆರೇ ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಗುರಿಯ ಕಾಗದವನ್ನು ಕಿತ್ತುಹಾಕಿದರು. ಗುರಿಯಿದ್ದರೆ ಕಣ್ಣು ಅಲ್ಲಿಗೆ ಹೋಗುತ್ತದೆ, ಕೈ ಕಲಿಯುವುದಿಲ್ಲ ಎಂದರು. ಎಲ್ಲರ ಬಾಣವೂ ಮುಗಿಯುವವರೆಗೆ ಯಾರೂ ಗೆರೆ ದಾಟುವಂತಿಲ್ಲ. ಎಲ್ಲರೂ ಒಟ್ಟಿಗೆ ಹೋಗಿ ಕಿತ್ತು ತರಬೇಕು. ದೇವರಾಯನ ಅರವತ್ತು ಸಾವಿರವೂ ಹೀಗೆಯೇ ಸಾಲಾಗಿ ನಿಂತಿತ್ತೇನೋ ಎಂದು ನಾನು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಯೋಚಿಸುತ್ತಿರುತ್ತೇನೆ.

ಬಿಲ್ಲಿಗಿಂತ ಬಾಣಕ್ಕೇ ಹೆಚ್ಚು ಖರ್ಚೆಂಬುದು ಮಾತ್ರ ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದೇ ತೂಕದ, ಒಂದೇ ಬಾಗಿನ ಆರು ಬಾಣಗಳನ್ನು ಆರಿಸಿ ಕೊಂಡಿದ್ದೆವು. ಕಳೆದ ವಾರ ಹತ್ತು ಮೀಟರಿನಿಂದ ಐದು ಪಿಂಡಿಗೆ ಕಚ್ಚಿದವು. ಆರನೆಯದು ಮೇಲಿಂದ ಹಾರಿ ಬೇಲಿಯ ಹತ್ತಿರದ ಹುಲ್ಲಿನಲ್ಲಿ ಮರೆಯಾಯಿತು. ಅಪ್ಪ ಮಗಳು ಬಿಸಿಲೇರುವವರೆಗೆ ಹುಡುಕಿದೆವು, ಸಿಗಲಿಲ್ಲ. ಹುಲ್ಲು ಕೊಯ್ಯುವವರು ಶನಿವಾರ ಬರುತ್ತಾರಂತೆ.